ಕಾಲಲ್ಲಿ ಒರೆಸಿದ ಉಪ್ಪಿಟ್ಟು

ಹೊಳೆ ಮಗ್ಗುಲು ಬದಲಿಸುವ ಜಾಗದಲ್ಲಿ ಒಂದು ಆಶ್ರಮ. ದೊಡ್ಡದೇನಲ್ಲ. ಒಂದು ಪಡಸಾಲೆ, ಒಂದು ಅಡುಗೆಮನೆ, ನಾಲ್ಕು ಕೋಣೆ, ಅಂಗಳದಲ್ಲಿ ಒಂದು ಹೊಂಗೆ ಮರ.

ಅಲ್ಲಿ ಮೂವರು ಇದ್ದರು.

ಎಂಬತ್ತು ದಾಟಿದ ಗುರು. ಅವರನ್ನು ಎಲ್ಲರೂ ಅಜ್ಜಯ್ಯ ಅನ್ನುತ್ತಿದ್ದರು.

ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ, ಸಾಕೆನಿಸಿ, ಮೂರು ವರ್ಷದ ಹಿಂದೆ ನಾಲ್ಕು ದಿನಕ್ಕೆಂದು ಬಂದು ಉಳಿದುಬಿಟ್ಟ ಶಿಷ್ಯೆ ವಾರಿಜ.

ಹೆಂಡತಿ ತೀರಿಕೊಂಡ ವರ್ಷ ಬಂದು, ಹದಿನೆಂಟು ವರ್ಷದಿಂದ ಅಡುಗೆ ಮಾಡುತ್ತಿದ್ದ ಮೂಡ್ಲಪ್ಪ.

ಮೂಡ್ಲಪ್ಪನಿಗೆ ಅರವತ್ತೆರಡು. ಅಕ್ಷರ ಬರುತ್ತಿರಲಿಲ್ಲ. ಗಣೇಶನ ಹಬ್ಬ ಕಳೆದ ಮೇಲೆ ಒಂದು ದಿನ ವಾರಿಜಳ ಮುಂದೆ ಬಂದು ನಿಂತು ತಲೆ ಕೆರೆದುಕೊಂಡ.

"ಮೇಡಮ್ಮ, ಡಬ್ಬಿ ಮೇಲೆ ಬರೆದಿರೋದು ಓದೋಷ್ಟು ಕಲಿಸ್ತೀರಾ? ಸೋಡಾ ಯಾವುದು ಉಪ್ಪು ಯಾವುದು ಅಂತ ನೆಕ್ಕಿ ನೆಕ್ಕಿ ನಾಲಿಗೆ ಸವೆದುಹೋಯ್ತು."

ಅಂದಿನಿಂದ ದಿನಾ ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಒಂದು ಗಂಟೆ ಪಾಠ. ನಾಲ್ಕು ತಿಂಗಳಿಗೆ ಅ ದಿಂದ ಳ ದವರೆಗೆ ಬಂತು. ಕಾಗುಣಿತ ಬಂತು. ಸ್ಲೇಟನ್ನು ಮೂಡ್ಲಪ್ಪ ಅಕ್ಕಿ ಡಬ್ಬದ ಮೇಲೆ, ದೇವರ ಪಟದ ಪಕ್ಕ ಇಡುತ್ತಿದ್ದ.

ಆಮೇಲೆ ಒಂದು ಶುಕ್ರವಾರ ನಲವತ್ತು ಜನ ಬಂದರು. ಮೂರು ದಿನದ ಧ್ಯಾನ ಶಿಬಿರ.

ಶನಿವಾರ ಬೆಳಿಗ್ಗೆ ಅವರೆಲ್ಲ ತಿಂಡಿಗೆ ಬರುವ ಹೊತ್ತಿಗೆ ಪಡಸಾಲೆಯ ಬಾಗಿಲಲ್ಲಿ, ನೆಲದ ಮೇಲೆ, ರಂಗೋಲಿ ಪುಡಿಯಲ್ಲಿ ಏನೋ ಬರೆದಿತ್ತು. ಪಕ್ಕದಲ್ಲಿ ಮೂಡ್ಲಪ್ಪ ಕೈ ಕಟ್ಟಿ ನಿಂತಿದ್ದ. ಒಗೆದ ಅಂಗಿ ಹಾಕಿದ್ದ.

ಮೊದಲು ನಕ್ಕವಳು ವಾರಿಜ.

"ಅಯ್ಯೋ ಮೂಡ್ಲಪ್ಪಣ್ಣ, ಇದೇನು, ಉಪ್ಪಿಟ್ಟಾ? ಇದನ್ನ ಓದಿದರೆ ಹೊಟ್ಟೆನೋವು ಬರುತ್ತೆ!"

ಹಿಂದಿದ್ದ ನಲವತ್ತು ಜನ ನಕ್ಕರು. ಬಾಗಿಲ ಪಕ್ಕದ ಚಾಪೆಯ ಮೇಲೆ ಕೂತಿದ್ದ ಅಜ್ಜಯ್ಯನೂ ನಕ್ಕರು.

ವಾರಿಜಳ ಕೈಯಲ್ಲಿ ತಟ್ಟೆಗಳ ರಾಶಿ ಇತ್ತು. ಹಿಂದಿನಿಂದ ಜನ ನೂಕುತ್ತಿದ್ದರು. ಅವಳು ಬಲಗಾಲಲ್ಲಿ ಅಕ್ಷರ ಒರೆಸಿ, ತಟ್ಟೆ ಇಳಿಸಿ, ಬಗ್ಗಿ ಸರಿಯಾಗಿ ಬರೆದಳು. ಚೆಂದದ ಕೈಬರಹ.

ನೆಟ್ಟಗೆ ನಿಂತಾಗ ಮೂಡ್ಲಪ್ಪನ ಮುಖ ಕಂಡಿತು.

ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಬೋಂಡ ಕಟ್ಟಿದ ಹಳೇ ಪೇಪರನ್ನು ತುಳಿದರೂ ಮನೆಯ ಹಿರಿಯರು ಸುಮ್ಮನಿರುವುದಿಲ್ಲ. ವಾರಿಜಳಿಗೆ ಇದು ಗೊತ್ತಿಲ್ಲದ್ದೇನಲ್ಲ.

"ಸಾರಿ ಮೂಡ್ಲಪ್ಪಣ್ಣ," ಎಂದಳು.

"ಆಯ್ತು ಬಿಡಿ ಮೇಡಮ್ಮ," ಎಂದ. ಒಳಗೆ ಹೋಗಿ ಉಪ್ಪಿಟ್ಟು ತಂದ. ಎಲ್ಲರಿಗೂ ಎರಡೆರಡು ಸಲ ಕೇಳಿ ಬಡಿಸಿದ.

ಮಧ್ಯಾಹ್ನ ಪಾಠಕ್ಕೆ ಬರಲಿಲ್ಲ.

ಸಂಜೆ ಸ್ಲೇಟು ತಂದು ವಾಪಸ್ ಕೊಟ್ಟ. ತೊಳೆದು, ಒರೆಸಿ, ಬಳಪದ ಚೂರುಗಳನ್ನು ಕಾಗದದಲ್ಲಿ ಕಟ್ಟಿ ತಂದಿದ್ದ.

"ಸೋಮವಾರ ಶಿಬಿರದವರ ಬಸ್ಸಲ್ಲಿ ಹೊರಡ್ತೀನಿ ಮೇಡಮ್ಮ. ತಂಗಿ ಊರಿಗೆ. ಕರೀತಾನೇ ಇದಾಳೆ."

"ಯಾವಾಗ ಬರ್ತೀರಿ?"

"ನೋಡೋಣ."

ನೋಡೋಣ ಅಂದರೆ ಬರುವುದಿಲ್ಲ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

"ಸಾರಿ ಮೂಡ್ಲಪ್ಪಣ್ಣ. ನಿಜವಾಗಲೂ ಸಾರಿ."

"ಆಯ್ತಲ್ಲ ತಾಯಿ. ಎಷ್ಟು ಸಲ ಹೇಳ್ತೀರಿ."

ಭಾನುವಾರ ಬೆಳಿಗ್ಗೆ ವಾರಿಜ ಹೊಂಗೆ ಮರದ ಕೆಳಗೆ ಬಂದಳು. ಅಜ್ಜಯ್ಯ ಅವರೆಕಾಯಿ ಸುಲಿಯುತ್ತಿದ್ದರು. ಶಿಬಿರದವರು ಒಳಗೆ ಕಣ್ಣು ಮುಚ್ಚಿ ಕೂತಿದ್ದರು.

"ಅಜ್ಜಯ್ಯ, ನೀವಾದರೂ ಒಂದು ಮಾತು ಹೇಳಿ. ನಿಮ್ಮ ಮಾತು ಅವರು ಮೀರಲ್ಲ."

"ಏನಂತ ಹೇಳಲಿ?"

"ಹೋಗಬೇಡ ಅಂತ."

"ನೀನೇನು ಹೇಳಿದೆ?"

"ಸಾರಿ ಅಂದೆ. ಏಳು ಸಲ ಅಂದಿದೀನಿ. ಬಾವಿ ಕಟ್ಟೇಲಿ ಅಂದೆ, ಹಿತ್ತಿಲಲ್ಲಿ ಅಂದೆ, ಒರಳುಕಲ್ಲಿನ ಹತ್ತಿರ ಅಂದೆ. ಆಯ್ತು ಬಿಡಿ ಅಂತಾರೆ, ಬಟ್ಟೆ ಮಡಚ್ತಾರೆ."

ಅಜ್ಜಯ್ಯ ಒಂದು ಕಾಯಿ ಸುಲಿದರು.

"ಅದು ಇಂಗ್ಲಿಷ್ ಪದ ಅಲ್ವಾ ತಾಯಿ? ಏನು ಅದರ ಅರ್ಥ?"

"ಕ್ಷಮಿಸಿ ಅಂತ ಅಜ್ಜಯ್ಯ."

"ಅಷ್ಟೇನಾ? ದಿನಾ ನಿನ್ನ ಬಾಯಲ್ಲಿ ಕೇಳ್ತೀನಿ. ಒಂದೊಂದು ಸಲ ಒಂದೊಂದು ಥರ ಇರುತ್ತೆ. ಮೊನ್ನೆ ನಾನು ಏನೋ ಮೆತ್ತಗೆ ಹೇಳಿದೆ, ನೀನು 'ಸಾರಿ?' ಅಂದೆ. ನಾನು ತಪ್ಪು ಹಿಡಿದಿರಲಿಲ್ಲವಲ್ಲ."

"ಅದು, ಕೇಳಿಸಲಿಲ್ಲ, ಇನ್ನೊಂದ್ಸಲ ಹೇಳಿ ಅಂತ."

"ಓಹೋ. ಕೋಣೆ ಕೇಳ್ಕೊಂಡು ಬಂದ ಗಂಡ ಹೆಂಡತಿಗೂ ಅಂದೆ."

"ಅದು, ಜಾಗ ಇಲ್ಲ, ಹೋಗಿ ಬನ್ನಿ ಅಂತ."

"ನಿನ್ನ ಗೆಳತಿ ತಾಯಿ ತೀರಿಕೊಂಡಾಗ ಫೋನಲ್ಲಿ ಅಂದೆ. ನೀನೇನು ಮಾಡಿದ್ದೆ ಆ ತಾಯಿಗೆ?"

"ಏನೂ ಮಾಡಿರಲಿಲ್ಲ! ದುಃಖ ಆಯ್ತು ಅಂತ ಅಜ್ಜಯ್ಯ."

"ಆ ಪಂಡಿತರು ಪ್ರವಚನಕ್ಕೆ ಬಂದಾಗ ಎದ್ದು ನಿಂತು ಅದನ್ನೇ ಅಂದೆ. ಅಂದು, ಅರ್ಧ ಗಂಟೆ ಅವರಿಗೆ ಬೆವರಿಳಿಸಿದೆ."

ವಾರಿಜ ಕೆಳಗೆ ನೋಡಿದಳು. "ಅದು, ನಿಮ್ಮ ಮಾತು ನಾನು ಒಪ್ಪಲ್ಲ ಅಂತ."

"ಜನ ತುಂಬಿದ್ದಾಗ ಮಧ್ಯೆ ನುಗ್ಗುವಾಗ?"

"ದಾರಿ ಬಿಡಿ ಅಂತ."

"ಓದಿ ಹೇಳುವಾಗ, ಎಂಟನೇ ಪುಟ, ಸಾರಿ, ಒಂಬತ್ತನೇ ಪುಟ?"

"ತಿದ್ದಿಕೊಂಡೆ ಅಂತ."

"ಹಾಲಿನವರ ಕರುವಿಗೆ ಡಿಕ್ಕಿ ಹೊಡೆದು ಅಂದೆ. ಅದು?"

"ಅದು ಸುಮ್ಮನೆ, ಅಭ್ಯಾಸ."

ಅಜ್ಜಯ್ಯ ನಿಟ್ಟುಸಿರು ಬಿಟ್ಟರು.

"ಪಾಪ."

"ಯಾರು, ಮೂಡ್ಲಪ್ಪಣ್ಣನಾ?"

"ಆ ಪದ. ಉಳೋಕೂ ಅದೇ ಎತ್ತು, ಗಾಣಕ್ಕೂ ಅದೇ ಎತ್ತು, ಮದುವೆ ಗಾಡಿಗೂ ಅದೇ ಎತ್ತು. ಮೂಡ್ಲನ ಮನೆ ಬಾಗಿಲಿಗೆ ಬರೋ ಹೊತ್ತಿಗೆ ಸುಸ್ತಾಗಿ ಮಲಗಿಬಿಟ್ಟಿದೆ."

ವಾರಿಜಳಿಗೆ ನಗು ಬಂತು. ಹಿಂದೆಯೇ ಸಿಟ್ಟು ಬಂತು.

"ಸರಿ, ಹಾಗಾದರೆ ಕನ್ನಡದಲ್ಲೇ ಹೇಳ್ತೀನಿ," ಎಂದು ಎದ್ದು ಅಡುಗೆಮನೆಗೆ ಹೋದಳು.

ಅರ್ಧ ಬುಟ್ಟಿ ಕಾಯಿ ಸುಲಿಯುವುದರೊಳಗೆ ವಾಪಸ್ ಬಂದಳು.

"ಏನಂದ?"

"ಕ್ಷಮಿಸಿ ಅಂದೆ. 'ಇದೇನು ಮೇಡಮ್ಮ, ರೇಡಿಯೋದಲ್ಲಿ ಮಾತಾಡಿದಂಗೆ ಮಾತಾಡ್ತೀರಿ' ಅಂದರು."

"ತಪ್ಪಾಯ್ತು ಅನ್ನಬೇಕಿತ್ತು."

"ಅದನ್ನೂ ಅಂದೆ."

"ಅದಕ್ಕೆ?"

"ಆಯ್ತು ಬಿಡಿ ಅಂದರು."

ಅಜ್ಜಯ್ಯ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದರು.

"ಹಾಗಾದರೆ ಎತ್ತಿನ ತಪ್ಪಲ್ಲ."

ವಾರಿಜ ಅಲ್ಲೇ ಕೂತಳು. ಬುಟ್ಟಿಯಿಂದ ತಾನೂ ಒಂದು ಕಾಯಿ ತಗೊಂಡಳು.

"ಸಣ್ಣವಳಿದ್ದಾಗ ತಮ್ಮನಿಗೆ ಹೊಡೆದರೆ ನಮ್ಮಮ್ಮ ಕಿವಿ ಹಿಡಿದು 'ಸಾರಿ ಕೇಳು' ಅಂತಿದ್ದರು."

"ಕೇಳು ಅಂತಾರಾ? ಹೇಳು ಅನ್ನಲ್ವಾ?"

"ಇಂಗ್ಲಿಷರು ಹೇಳ್ತಾರೆ ಅಜ್ಜಯ್ಯ. ಕೇಳೋದು ನಾವು."

"ಕೇಳಿದರೆ ಕೊಡೋವರೆಗೂ ನಿಂತಿರಬೇಕಲ್ಲ. ಏಳು ಸಲದಲ್ಲಿ ಒಂದು ಸಲವಾದರೂ ನಿಂತಿದ್ದೆಯಾ?"

ವಾರಿಜ ಯೋಚಿಸಿದಳು. ಬಾವಿ ಕಟ್ಟೆಯಲ್ಲಿ ಕೊಡ ತುಂಬಿತ್ತು. ಹಿತ್ತಿಲಲ್ಲಿ ಬಿಸಿಲಿತ್ತು. ಒರಳುಕಲ್ಲಿನ ಹತ್ತಿರ ಅವಳನ್ನು ಯಾರೋ ಕರೆದಿದ್ದರು.

"ಇಲ್ಲ," ಎಂದಳು.

ಅವರೆಕಾಯಿ ಮುಗಿದಿತ್ತು.

ಮಧ್ಯಾಹ್ನ ಊಟ ಆಯಿತು. ಶಿಬಿರಕ್ಕೆ ಬಂದಿದ್ದ ಒಬ್ಬ ಅಜ್ಜಿ ತನ್ನ ಮೊಮ್ಮಗಳನ್ನೂ ಕರೆತಂದಿದ್ದಳು. ಮೂರು ವರ್ಷದ ಕೂಸು. ಪಡಸಾಲೆಯ ನಡುವೆ ತಣ್ಣಗಿನ ನೆಲದ ಮೇಲೆ ಕೈಕಾಲು ಚೆಲ್ಲಿ ಮಲಗಿತ್ತು.

ವಾರಿಜ ಮಜ್ಜಿಗೆ ಕೊಡ ಹಿಡಿದು ಓಡಿಬಂದಳು. ಕೂಸನ್ನು ನೋಡಲಿಲ್ಲ. ದಾಟಿಯೇ ಬಿಟ್ಟಳು.

"ಏಯ್! ಏಯ್ ತಾಯಿ!" ಅಜ್ಜಿ ಗೋಡೆಗೆ ಒರಗಿದ್ದವಳು ನೆಟ್ಟಗೆ ಕೂತಳು. "ಕೂಸನ್ನ ದಾಟಿಬಿಟ್ಟೆಯಲ್ಲೇ! ಬೆಳೆಯಲ್ಲ ಕಣಮ್ಮ ಅದು! ಹಿಂದಕ್ಕೆ ದಾಟು!"

"ಸಾರಿ ಅಜ್ಜಿ, ನೋಡಲಿಲ್ಲ."

"ಸಾರಿ ಗೀರಿ ಆಮೇಲೆ. ಮೊದಲು ಹಿಂದಕ್ಕೆ ದಾಟು ನೀನು."

ವಾರಿಜ ಕೊಡ ಕೆಳಗಿಟ್ಟಳು. ಸೀರೆ ನೆರಿಗೆ ಎತ್ತಿ ಹಿಡಿದು, ಹೇಗೆ ದಾಟಿದ್ದಳೋ ಹಾಗೆಯೇ ವಾಪಸ್ ದಾಟಿದಳು.

ಅಜ್ಜಿಯ ಮುಖ ಆ ಕ್ಷಣವೇ ತಿಳಿಯಾಯಿತು. "ಹಾಂ, ಈಗ ಸರಿ. ಮಜ್ಜಿಗೇನಾ ಅದು? ಒಂದು ಲೋಟ ಹಾಕು ನನಗೆ."

ಅಜ್ಜಯ್ಯ ಬಾಗಿಲ ಪಕ್ಕದ ಚಾಪೆಯಿಂದ ಎಲ್ಲ ನೋಡುತ್ತಿದ್ದರು. ವಾರಿಜ ಅವರಿಗೂ ಮಜ್ಜಿಗೆ ಕೊಟ್ಟಳು.

"ದಾಟಿದರೆ ಕೂಸು ಬೆಳೆಯಲ್ಲ ಅಂತ ನೀನು ನಂಬ್ತೀಯಾ ವಾರಿಜಮ್ಮ?"

"ಇಲ್ಲ ಅಜ್ಜಯ್ಯ."

"ಮತ್ತೆ ಯಾಕೆ ದಾಟಿದೆ?"

"ಆ ಅಜ್ಜಿಗೆ ಜೀವ ಹಾರಿಹೋಗಿತ್ತು. ಅವರಿಗೆ ಸಮಾಧಾನ ಆಗಲಿ ಅಂತ."

"ಸಾರಿ ಅಂದೆಯಲ್ಲ, ಸಾಕಾಗಲಿಲ್ವಾ?"

"ಎಲ್ಲಿ ಸಾಕಾಗುತ್ತೆ?"

"ಆ ಕಂಬದ ಕಡೆಯಿಂದ ಸುತ್ತಿ ಬರಬಹುದಿತ್ತಲ್ಲ. ಸೀರೆ ಎತ್ತಿ ಹಾರೋದು ಯಾಕೆ?"

"ಸುತ್ತಿ ಬಂದರೆ ಆಗಲ್ಲ ಅಜ್ಜಯ್ಯ. ದಾಟಿದ ಜಾಗದಲ್ಲೇ ದಾಟಬೇಕು."

"ಹೌದಾ," ಎಂದರು ಅಜ್ಜಯ್ಯ, ಮೊದಲ ಸಲ ಕೇಳಿದವರಂತೆ. ಮಜ್ಜಿಗೆ ಕುಡಿದು ಲೋಟ ಕೊಟ್ಟರು.

ವಾರಿಜ ಲೋಟ ಹಿಡಿದು ಅಲ್ಲೇ ನಿಂತಳು. ಅವಳ ಕಣ್ಣು ಪಡಸಾಲೆಯ ಬಾಗಿಲಿನ ಮೇಲಿತ್ತು. ಬಾವಿ ಕಟ್ಟೆ, ಹಿತ್ತಿಲು, ಒರಳುಕಲ್ಲು. ಈ ಬಾಗಿಲೊಂದನ್ನು ಬಿಟ್ಟು ಎಲ್ಲ ಕಡೆ ಹೇಳಿದ್ದಳು.

ಅವಳು ಕೋಣೆಗೆ ಹೋಗಿ ಸ್ಲೇಟು ತೆಗೆದಳು. ಮೂಡ್ಲಪ್ಪ ಬರೆದಿದ್ದಂತೆಯೇ ಬರೆದು, ಆ ಬಾಗಿಲಲ್ಲಿಟ್ಟು, ಎಲ್ಲರೆದುರು ಕಣ್ಣಿಗೊತ್ತಿಕೊಳ್ಳಬೇಕು ಎಂದುಕೊಂಡಳು.

ಬಳಪ ಸ್ಲೇಟಿನ ಮೇಲೆ ನಿಂತಿತು.

ಹೇಗೆ ಬರೆದಿದ್ದ? ನೆನಪಾಗಲಿಲ್ಲ. ನಕ್ಕದ್ದು ನೆನಪಿತ್ತು. ಕಾಲು ನೆನಪಿತ್ತು. ಅಕ್ಷರ ನೆನಪಿರಲಿಲ್ಲ.

ಶಿಬಿರದವರನ್ನು ಕೇಳಿದಳು.

"ಉಪಿಟು ಅಂತಿತ್ತು ಮೇಡಂ," ಎಂದರು ಒಬ್ಬರು.

"ಅಲ್ಲಾರೀ, ಉಪ್ಪು ಅಂತ ಬರೆದು ನಿಲ್ಲಿಸಿದ್ದ," ಎಂದರು ಇನ್ನೊಬ್ಬರು.

ಒಬ್ಬ ಹೆಂಗಸು ಮಾತ್ರ ನಿಜ ಹೇಳಿದಳು. "ನಾನು ನೋಡಲೇ ಇಲ್ಲ. ನೀವು ನಕ್ಕಿರಲ್ಲ, ಅದಕ್ಕೆ ನಕ್ಕೆ."

ಸಂಜೆ ಅಜ್ಜಯ್ಯ ಹೊಳೆಯ ಮೆಟ್ಟಿಲ ಮೇಲೆ ಕೂತು ಕಾಲು ನೀರಿಗೆ ಬಿಟ್ಟಿದ್ದರು. ವಾರಿಜ ಎರಡು ಮೆಟ್ಟಿಲು ಮೇಲೆ ಕೂತಳು.

"ಅಜ್ಜಯ್ಯ, ನೀವು ಬಾಗಿಲ ಪಕ್ಕದಲ್ಲೇ ಇದ್ರಿ. ಮೂಡ್ಲಪ್ಪಣ್ಣ ಹೇಗೆ ಬರೆದಿದ್ದರು?"

"ನನಗೆ ಗೊತ್ತಿಲ್ಲ."

"ನೀವೂ ನಕ್ಕಿರಿ. ಓದದೇ ಹೇಗೆ ನಗ್ತೀರಿ?"

ಅಜ್ಜಯ್ಯ ನೀರು ನೋಡಿದರು. ಮೀನುಮರಿಗಳು ಅವರ ಹೆಬ್ಬೆರಳಿನ ಹತ್ತಿರ ಬಂದು ಹೋದವು.

"ನನಗೆ ಓದೋಕೆ ಬರಲ್ಲ ವಾರಿಜಮ್ಮ."

ವಾರಿಜ ಮುಂದಿನ ಮಾತಿಗೆ ಕಾದಳು. ಗುರುಗಳು ಹೀಗೆಲ್ಲ ಹೇಳುತ್ತಾರೆ. ಹೇಳಿ, ತಿರುವು ಕೊಡುತ್ತಾರೆ.

ತಿರುವು ಬರಲಿಲ್ಲ.

"ಅಂದರೆ, ಪುಸ್ತಕದ ಓದು ಓದಲ್ಲ ಅಂತಾನಾ?"

"ಅಂದರೆ ಓದೋಕೆ ಬರಲ್ಲ ಅಂತ. ಅ ಆ ಇ ಈ. ಅದು."

ವಾರಿಜ ಬಗ್ಗಿ ಅವರ ಮುಖ ನೋಡಿದಳು.

"ನಾನು ಕುರಿ ಕಾಯ್ತಿದ್ದೆ. ನಮ್ಮ ಗುರುಗಳು ಹಾಡ್ತಿದ್ದರು, ನಾನು ಕಿವಿಯಲ್ಲಿ ತುಂಬ್ಕೊಂಡೆ. ಅದರಲ್ಲೇ ಇಷ್ಟು ದಿನ ನಡೀತು. ಜನ ಪುಸ್ತಕ ತರ್ತಾರೆ, ಕಣ್ಣಿಗೊತ್ತಿ ಪಕ್ಕಕ್ಕಿಡ್ತೀನಿ. ಕಾಗದ ತರ್ತಾರೆ, ಕನ್ನಡಕ ಮರೆತೆ ಅಂತೀನಿ. ನಲವತ್ತು ವರ್ಷದಿಂದ ಮರೀತಾ ಇದೀನಿ."

"ನನಗೆ ಹೇಳಬಹುದಿತ್ತಲ್ಲ ಅಜ್ಜಯ್ಯ."

"ಮೂಡ್ಲ ಹೇಳಿದ. ಅವನಿಗೆ ಧೈರ್ಯ ಇತ್ತು."

ವಾರಿಜ ಒಂದು ಮೆಟ್ಟಿಲು ಕೆಳಗಿಳಿದು ಕೂತಳು.

"ನಿನ್ನೆ ಎಲ್ಲರೂ ನಕ್ಕರು. ನಾನೊಬ್ಬ ನಗದೇ ಇದ್ದರೆ ಓದೋಕೆ ಬರಲ್ಲ ಅಂತ ಗೊತ್ತಾಗಿಬಿಡುತ್ತಲ್ಲ. ಅದಕ್ಕೆ ನಕ್ಕೆ." ಅಜ್ಜಯ್ಯ ಕಾಲು ನೀರಿನಿಂದ ತೆಗೆದರು. "ನೀನು ಒರೆಸುವಾಗ ಮೂಡ್ಲ ನಿನ್ನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದ."

ಆ ಇಂಗ್ಲಿಷ್ ಪದ ವಾರಿಜಳ ನಾಲಿಗೆಯ ತುದಿಯವರೆಗೆ ಬಂತು. ಯಾವ ಅರ್ಥದಲ್ಲಿ ಹೇಳಬೇಕೋ ತಿಳಿಯದೆ ನುಂಗಿಕೊಂಡಳು. ಅಜ್ಜಯ್ಯನ ಪಂಚೆಯ ತುದಿ ಒದ್ದೆಯಾಗದಂತೆ ಎತ್ತಿ, ಮೆಟ್ಟಿಲು ಹತ್ತಲು ಅವರ ಕೈ ಹಿಡಿದಳು.

"ಹೇಗೆ ಬರೆದಿದ್ದ ಅಂತ ಅವನನ್ನೇ ಕೇಳು," ಎಂದರು ಅಜ್ಜಯ್ಯ. "ಕೇಳಿ ನಿಂತ್ಕೋ."

ಸೋಮವಾರ ಬೆಳಿಗ್ಗೆ ಬಸ್ಸು ಬೇಗನೇ ಬಂದು ಬೇಲಿಯ ಹೊರಗೆ ನಿಂತಿತು.

ಅಡುಗೆಮನೆಯಲ್ಲಿ ಮೂಡ್ಲಪ್ಪ ರವೆ ಹುರಿಯುತ್ತಿದ್ದ. ಬಾಗಿಲಲ್ಲಿ ಒಂದು ಚೀಲ ಕಟ್ಟಿ ಇಟ್ಟಿತ್ತು. ಹದಿನೆಂಟು ವರ್ಷಕ್ಕೆ ಅದು ಬಹಳ ಸಣ್ಣ ಚೀಲ.

"ಮೂಡ್ಲಪ್ಪಣ್ಣ, ಅವತ್ತು ನೀವು ಹೇಗೆ ಬರೆದಿದ್ರಿ?"

ಸೌಟು ನಿಲ್ಲಲಿಲ್ಲ. "ಯಾಕೆ ಮೇಡಮ್ಮ, ಬಸ್ಸು ಹತ್ತೋ ಮುಂಚೆ ಇನ್ನೊಂದ್ಸಲ ನಗೋಕಾ?"

"ನೋಡೋಕೆ. ಅವತ್ತು ನೋಡಲಿಲ್ಲ. ನಕ್ಕೆ, ಒರೆಸಿದೆ. ಏನನ್ನ ಒರೆಸಿದೆ ಅಂತ ನನಗೇ ಗೊತ್ತಿಲ್ಲ. ನಿನ್ನೆಯಿಂದ ನೆನಪು ಮಾಡ್ಕೊಳ್ತಿದೀನಿ, ಬರ್ತಿಲ್ಲ."

ಮೂಡ್ಲಪ್ಪ ಒಗ್ಗರಣೆ ಹಾಕಿದ. ನೀರು ಹೊಯ್ದ. ಉಪ್ಪು ಹಾಕಿದ. ವಾರಿಜ ನಿಂತೇ ಇದ್ದಳು. ನೀರು ಮರಳಿತು. ರವೆ ಸುರಿದು ತಿರುವಿದ. ಅವಳು ನಿಂತೇ ಇದ್ದಳು. ಹೊರಗೆ ಯಾರೋ "ಮೇಡಂ" ಎಂದು ಕೂಗಿದರು. ಹೋಗಲಿಲ್ಲ.

ತಟ್ಟೆ ಮುಚ್ಚಿ, ಉರಿ ತಗ್ಗಿಸಿ, ಮೂಡ್ಲಪ್ಪ ಕೈ ಒರೆಸಿಕೊಂಡ.

"ಇನ್ನೂ ನಿಂತಿದೀರಲ್ಲ."

"ಹೂಂ."

ಅವನು ರಂಗೋಲಿ ಬಟ್ಟಲು ತಗೊಂಡು ಪಡಸಾಲೆಯ ಬಾಗಿಲಿಗೆ ಹೋದ. ಮೊನ್ನೆ ಕೂತಿದ್ದ ಜಾಗದಲ್ಲೇ ಕುಕ್ಕರಗಾಲಲ್ಲಿ ಕೂತ. ನಿಧಾನವಾಗಿ ಐದು ಅಕ್ಷರ ಬರೆದ.

ಉ ಪ ಪಿ ಟ ಟು.

ಎಲ್ಲ ಒಂದೇ ಎತ್ತರ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದೊಂದು ಗೇಣು.

"ಬಾಯಲ್ಲಿ ಎರಡೆರಡು ಪ, ಎರಡೆರಡು ಟ ಬರುತ್ತಲ್ಲ, ಅದಕ್ಕೆ," ಎಂದ. "ಡಬ್ಬಿ ಮೇಲೆ ನೋಡಿದೀನಿ, ಸಣ್ಣ ಅಕ್ಷರ ದೊಡ್ಡದರ ಕಾಲ ಕೆಳಗೆ ನೇತಾಡ್ತಿರುತ್ತೆ. ನನಗೆ ಸರಿ ಕಾಣಲಿಲ್ಲ. ನನ್ನ ಪಡಸಾಲೇಲಿ ಯಾರೂ ಯಾರ ಕಾಲ ಕೆಳಗೂ ಕೂರಲ್ಲ. ಬಂದವರೆಲ್ಲ ಪಂಕ್ತೀಲಿ ಕೂರ್ತಾರೆ. ಅದಕ್ಕೆ ಎಲ್ಲರನ್ನೂ ಪಕ್ಕ ಪಕ್ಕ ಕೂರಿಸಿದೆ."

ವಾರಿಜ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಒತ್ತಕ್ಷರ ನಾನು ಇನ್ನೂ ಕಲಿಸಿರಲಿಲ್ಲ," ಎಂದಳು.

ಅಷ್ಟರಲ್ಲಿ ಶಿಬಿರದವರು ಬ್ಯಾಗು ಹಿಡಿದು ತಿಂಡಿಗೆ ಬಂದರು. ಬಾಗಿಲಲ್ಲೇ ನಿಂತರು. ಅಜ್ಜಯ್ಯ ಆಗಲೇ ತಮ್ಮ ಚಾಪೆಯ ಮೇಲಿದ್ದರು.

ವಾರಿಜ ಮಂಡಿಯೂರಿದಳು. ಅಕ್ಷರ ಕೆಡದಂತೆ ಬೆರಳ ತುದಿಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಮೊನ್ನೆ ಇದನ್ನ ನಾನು ಇಲ್ಲೇ, ನಿಮ್ಮೆಲ್ಲರ ಮುಂದೆ, ಕಾಲಲ್ಲಿ ಒರೆಸಿದೆ," ಎಂದಳು. "ನೋಡದೇ ನಕ್ಕೆ. ಇವರು ತಪ್ಪು ಬರೆದಿರಲಿಲ್ಲ. ನಾನು ಕಲಿಸಿರಲಿಲ್ಲ."

ಯಾರೂ ನಗಲಿಲ್ಲ. ಒಬ್ಬರು ಕೆಮ್ಮಿದರು. ಅಜ್ಜಿ ಮೊಮ್ಮಗಳನ್ನು ಎತ್ತಿಕೊಂಡಳು, ತುಳಿದೀತೆಂದು.

ಮೂಡ್ಲಪ್ಪ ಎದ್ದು ನಿಂತ.

"ಈಗ ಅನ್ನಿ ಅದನ್ನ."

"ಯಾವುದನ್ನ?"

"ಅದೇ ಮೇಡಮ್ಮ, ಇಂಗ್ಲಿಷಿಂದು."

"ಸಾರಿ, ಮೂಡ್ಲಪ್ಪಣ್ಣ."

ಅವನು ತಲೆ ಓರೆ ಮಾಡಿ, ಸಾರಿನ ರುಚಿ ನೋಡುವವನಂತೆ ಕೇಳಿಸಿಕೊಂಡ.

"ಹಾಂ. ಈಗ ಸರಿಯಾಗಿದೆ. ಮುಂಚೆ ಸಪ್ಪೆ ಇತ್ತು."

ಎಂದವನು ಹೋಗಿ ಚೀಲ ತಂದು ಹೆಗಲಿಗೆ ಹಾಕಿಕೊಂಡ.

"ಮತ್ತೆ? ಇನ್ನೂ ಹೋಗ್ತೀರಾ?"

"ನಿಮ್ಮ ಮೇಲೆ ಸಿಟ್ಟಿಲ್ಲ ತಾಯಿ. ಆದರೆ ಇಲ್ಲಿ ಎಲ್ಲ ಓದಿದೋರು. ಅಜ್ಜಯ್ಯನಂಥ ಅಜ್ಜಯ್ಯನೇ ನಕ್ಕ ಮೇಲೆ, ಈ ವಯಸ್ಸಲ್ಲಿ ನನಗ್ಯಾಕೆ ಬೇಕಿತ್ತು ಈ ಆಟ ಅನ್ನಿಸಿಬಿಡ್ತು."

ವಾರಿಜ ಅಜ್ಜಯ್ಯನ ಕಡೆ ನೋಡಲಿಲ್ಲ. ಅದು ಅವಳು ಹೇಳುವ ಮಾತಲ್ಲ.

ಚಾಪೆ ಸರಿದ ಸದ್ದಾಯಿತು. ಅಜ್ಜಯ್ಯ ಗೋಡೆ ಹಿಡಿದು ಎದ್ದರು. ನಾಲ್ಕು ಹೆಜ್ಜೆ ಬಂದು, ಅಕ್ಷರಗಳ ಮುಂದೆ, ಮೂಡ್ಲಪ್ಪನ ಕೈ ಹಿಡಿದು ಕೆಳಗೆ ಕೂತರು.

"ಮೂಡ್ಲ, ಏನು ಬರೆದಿದೀಯ ಇಲ್ಲಿ?"

"ತಮಾಷೆ ಮಾಡಬೇಡಿ ಅಜ್ಜಯ್ಯ. ನಿಮಗೆ ಗೊತ್ತಿಲ್ವಾ?"

"ಗೊತ್ತಿಲ್ಲ. ನನಗೆ ಓದೋಕೆ ಬರಲ್ಲ."

ನಲವತ್ತು ಜನರ ಮುಖದಲ್ಲಿ ಒಂದು ಭಕ್ತಿಯ ನಗು ಹರಡಿತು. ಮುಂದೆ ನಿಂತಿದ್ದವರೊಬ್ಬರು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದರು.

"ಬರ್ಕೋಬೇಡಪ್ಪ," ಎಂದರು ಅಜ್ಜಯ್ಯ. "ಇದರಲ್ಲಿ ಗೂಢಾರ್ಥ ಏನೂ ಇಲ್ಲ. ಅಕ್ಷರ ಬರಲ್ಲ, ಅಷ್ಟೇ. ಯಾವತ್ತೂ ಬರ್ತಿರಲಿಲ್ಲ. ಮೊನ್ನೆ ನಕ್ಕಿದ್ದು ನಿಮಗೆಲ್ಲ ಅದು ಗೊತ್ತಾಗಬಾರದು ಅಂತ."

ಪೆನ್ನು ನಿಂತಿತು. ಪಡಸಾಲೆಯಲ್ಲಿ ಮೂರು ದಿನದ ಧ್ಯಾನದಲ್ಲಿ ಆಗದಷ್ಟು ಮೌನವಾಯಿತು.

ಮೂಡ್ಲಪ್ಪ ಅಜ್ಜಯ್ಯನ ಮುಖವನ್ನೇ ನೋಡುತ್ತಿದ್ದ. ಹದಿನೆಂಟು ವರ್ಷ ಊಟ ಬಡಿಸಿದ ಮುಖ.

"ನಿಜವಾಗಲೂ ಬರಲ್ವಾ ಅಜ್ಜಯ್ಯ?"

"ನಿಜವಾಗಲೂ ಬರಲ್ಲ ಕಣೋ."

"ಒಂದೂ?"

"ಒಂದೂ."

ಬೇಲಿಯ ಆಚೆಯಿಂದ ಡ್ರೈವರ್ ಒಳಗೆ ಇಣುಕಿದ. "ಅಣ್ಣ, ಅಡುಗೆಯವರು ನೀವೇ ತಾನೇ? ಚೀಲ ಕೊಡಿ, ಮೇಲೆ ಹಾಕಿ ಕಟ್ಟಿಬಿಡ್ತೀನಿ."

ಮೂಡ್ಲಪ್ಪ ಹೆಗಲ ಮೇಲಿದ್ದ ಚೀಲ ನೋಡಿದ. ಕೆಳಗಿಳಿಸಿದ.

"ಸಾರಿ ಕಣಪ್ಪ," ಎಂದ.

ಡ್ರೈವರಿಗೆ ಅರ್ಥವಾಯಿತು. ಹೋದ.

ಮೂಡ್ಲಪ್ಪ ಅಜ್ಜಯ್ಯನ ಪಕ್ಕದಲ್ಲಿ ಕೂತ. ಅವರ ತೋರುಬೆರಳು ಹಿಡಿದು ಮೊದಲ ಅಕ್ಷರದ ಮೇಲಿಟ್ಟ.

"ಇದು ಉ."

"ಉ," ಎಂದರು ಅಜ್ಜಯ್ಯ.

"ಇದು ಪ. ಇದು ಪಿ. ಇದು ಟ, ಇದು..."

"ನಿಧಾನ ಮೂಡ್ಲ," ಎಂದರು ಅಜ್ಜಯ್ಯ. "ನಾನು ಹಿಂದೆ ಬರ್ತಾ ಇದೀನಿ."